ಹುಣಸೆಬೀಜದ ಅಂಟು, ನಿರ್ವಾತದ ಚೀಲ

ವಿಜಯವಾಡದ ಆಟೋನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಸುತ್ತಿಗೆಯ ಸದ್ದು ಕೇಳುವಾಗ ನಮಗೆ ಸಮೀಪದ ಕೊಂಡಪಲ್ಲಿ ನೆನಪಾಗುತ್ತದೆ. ಅಲ್ಲಿನ ಬೊಂಬೆ ಕುಶಲಿಗಳು ತೆಲ್ಲ ಪೊಣಿಕಿ ಎಂಬ ಹಗುರ ಮರದ ತುಂಡುಗಳನ್ನು ಕೆತ್ತಿ, ಮರದ ಪುಡಿಗೆ ಹುಣಸೆಬೀಜದ ಅಂಟು ಕಲಸಿ ಬೆಸೆಯುತ್ತಾರೆ. ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿಯೂ ಅದೇ ಅಂಟು. ಅಲ್ಲಿ ಅದರೊಡನೆ ಸೆಣಬಿನ ಚೂರು ಸೇರಿ 'ಕಿಟ್ಟ'ವಾಗುತ್ತದೆ. ನಾರು ಎಳೆತವನ್ನು ತಾಳುತ್ತದೆ, ಅಂಟು ನಾರನ್ನು ಹಿಡಿದಿಡುತ್ತದೆ. ಕಾರಿನ ಫೈಬರ್ ಬಾನೆಟ್ಟಿನ ತತ್ತ್ವವೂ ಇದೇ. ಇವೆರಡಕ್ಕೂ ವಂಶಸಂಬಂಧವಿಲ್ಲ, ವಿಚಾರದ ಸಾಮ್ಯವಿದೆ.

ಕೈಯಿಂದ ರಾಳ ಬಳಿದಾಗ ಗಾಳಿ ಒಳಗೆ ಉಳಿಯುತ್ತದೆ. ಗುಳ್ಳೆಯಿದ್ದಲ್ಲಿ ಬಿರುಕು ಹುಟ್ಟುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರವೇ ನಿರ್ವಾತ ವಿಧಾನ. ಅಚ್ಚಿನ ಮೇಲೆ ಒಣ ನಾರುಬಟ್ಟೆ ಹಾಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚನ್ನು ಅಂಟುಪಟ್ಟಿಯಿಂದ ಮುಚ್ಚಿ, ಪಂಪಿನಿಂದ ಗಾಳಿಯನ್ನು ಹೀರುತ್ತಾರೆ. ಆಗ ವಾಯುಮಂಡಲವೇ ಚದರ ಮೀಟರಿಗೆ ಸುಮಾರು 10 ಟನ್ ಭಾರದಿಂದ ಒತ್ತುತ್ತದೆ. ಬಳಿಕ ಕೊಳವೆ ತೆರೆದರೆ ರಾಳವು ನಾರಿನೊಳಗೆ ತಾನೇ ಹರಿಯುತ್ತದೆ. ರಾಳವು ಬೇಗನೆ ಹರಡುವಂತೆ ಮಾಡುವ ಇಂಥದೊಂದು ಕ್ರಮಕ್ಕೆ 1990ರಲ್ಲಿ ಅಮೆರಿಕದ ವಿಲಿಯಂ ಸೀಮನ್ ಪೇಟೆಂಟ್ ಪಡೆದರು.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು 'ಸರಸ್' ವಿಮಾನದ ರೆಕ್ಕೆಗಾಗಿ ಇದೇ ಜಾಡಿನಲ್ಲಿ 'ವೆರಿಟಿ' ಎಂಬ ವಿಧಾನವನ್ನು ರೂಪಿಸಿತು. ವಿಶಾಖಪಟ್ಟಣದಲ್ಲಿ 2017ರ ಅಕ್ಟೋಬರಿನಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್ ಕಿಲ್ತಾನ್ ನೌಕೆಯ ಮೇಲ್ಕಟ್ಟಡ ಇಂಗಾಲದ ನಾರಿನದು. ಅದನ್ನು ಒದಗಿಸಿದ ಸ್ವೀಡನ್ನಿನ ಕಾಕಮ್ಸ್ ಸಂಸ್ಥೆ ತನ್ನ ದೇಶದ ವಿಸ್ಬಿ ನೌಕೆಗಳನ್ನು ನಿರ್ವಾತ ವಿಧಾನದಿಂದಲೇ ಕಟ್ಟಿತ್ತು.

ಈಗ ಪಂಪು, ಪ್ಲಾಸ್ಟಿಕ್, ಎಪಾಕ್ಸಿ ಎಲ್ಲವೂ ಮನೆಯ ಶೆಡ್ಡಿಗೇ ಬಂದಿವೆ. ಹವ್ಯಾಸಿಯ ಕೈಗೆ ವಿದ್ಯೆ ಬಂದಷ್ಟು ಸುಲಭವಾಗಿ ಪರೀಕ್ಷೆ ಬರಲಿಲ್ಲ. ವಿಮಾನದ ಭಾಗವನ್ನು ಶ್ರವಣಾತೀತ ತರಂಗಗಳಿಂದ ಶೋಧಿಸುತ್ತಾರೆ. ಶೆಡ್ಡಿನಲ್ಲಿ ಇರುವುದು ಕಣ್ಣು ಮತ್ತು ಬೆರಳು ಮಾತ್ರ. ಕರಾವಳಿಯ ತೇವವೂ ಎಪಾಕ್ಸಿಯ ಗಟ್ಟಿಕಾರಕಕ್ಕೆ ಹಿತವಲ್ಲ. ಆದ್ದರಿಂದ ರಾಳ ಬಿಡುವ ಮೊದಲು ಪಂಪನ್ನು ಪ್ರತ್ಯೇಕಿಸಿ, ಮಾಪಕದ ಮುಳ್ಳು ನಿಂತಲ್ಲೇ ನಿಲ್ಲುವುದೋ ಎಂದು ಕಾದು ನೋಡಬೇಕು. ಮಡ್‌ಗಾರ್ಡಿನಂಥ ಹೊದಿಕೆಗಳನ್ನು ಹೀಗೆ ಮಾಡಿಕೊಳ್ಳಬಹುದು. ಚಕ್ರ, ಸ್ಟಿಯರಿಂಗ್, ಬ್ರೇಕಿನ ಭಾರ ಹೊರುವ ಭಾಗಗಳನ್ನು ಮಾಡಕೂಡದು. ಕಿನ್ನಾಳದ ಬೊಂಬೆ ಬಿರಿದರೆ ಮತ್ತೆ ಕಿಟ್ಟ ಮೆತ್ತಬಹುದು. ಹೆದ್ದಾರಿಯಲ್ಲಿ ಆ ಅವಕಾಶ ಸಿಗುವುದಿಲ್ಲ.