ಬಸ್ರೂರಿನ ಅಕ್ಕಿ, ಅಂತರಿಕ್ಷದ ಒಪ್ಪಂದ

ಕುಂದಾಪುರಕ್ಕೆ ಸಮೀಪ, ವಾರಾಹಿ ನದಿಯ ದಡದಲ್ಲಿರುವ ಬಸ್ರೂರು ನಾಲ್ಕು ಶತಮಾನಗಳ ಹಿಂದೆ ದೊಡ್ಡ ಬಂದರಾಗಿತ್ತು. ಕರಾವಳಿಯ ಗದ್ದೆಗಳಲ್ಲಿ ಬೆಳೆದ ಅಕ್ಕಿ ಇಲ್ಲಿಂದ ಹಡಗೇರಿ ಗೋವಾಕ್ಕೆ ಹೋಗುತ್ತಿತ್ತು. ಗೋವಾದ ಪೋರ್ಚುಗೀಸರಿಗೆ ಆ ಅಕ್ಕಿ ಬೇಕೇ ಬೇಕು. ಇಲ್ಲಿಯವರಿಗೂ ಅದನ್ನು ಕೊಳ್ಳುವವರು ಬೇಕು. 1569ರಲ್ಲಿ ಪೋರ್ಚುಗೀಸರು ಇಲ್ಲಿ ನೆಲೆಯೂರಿದರು. 1631ರಲ್ಲಿ ಅವರಿಗೂ ಕೆಳದಿಯ ವೀರಭದ್ರ ನಾಯಕನಿಗೂ ಒಪ್ಪಂದವಾಯಿತು. 1650ರ ದಶಕದಲ್ಲಿ ಶಿವಪ್ಪ ನಾಯಕ ಅವರ ಕರಾವಳಿ ಕೋಟೆಗಳನ್ನು ವಶಪಡಿಸಿಕೊಂಡ. ಆದರೂ 1671ರಲ್ಲಿ ಕೆಳದಿ ಮತ್ತು ಗೋವಾ ಪುನಃ ಒಪ್ಪಂದಕ್ಕೆ ಬಂದವು.

ಕಾದಾಡಿದವರೇ ಮತ್ತೆ ಏಕೆ ಕೈಜೋಡಿಸುತ್ತಾರೆ? ಮುಂದಿನ ಸುಗ್ಗಿಗೂ ಇಬ್ಬರೂ ಮುಖಾಮುಖಿಯಾಗಲೇಬೇಕು ಎಂಬುದು ಒಂದು ಕಾರಣ. ಈ ವಿಚಾರವನ್ನು ಗಣಕದ ಮೂಲಕ ಪರೀಕ್ಷಿಸಿದವರು ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್. ಅವರು ವಿದ್ವಾಂಸರಿಂದ ಪ್ರೋಗ್ರಾಮುಗಳನ್ನು ತರಿಸಿ, ಎರಡೆರಡನ್ನು ಎದುರು ನಿಲ್ಲಿಸಿ ಪಂದ್ಯ ನಡೆಸಿದರು. ಪ್ರತಿ ಸುತ್ತಿನಲ್ಲೂ ಎರಡೇ ಆಯ್ಕೆ: ಸಹಕಾರ ಅಥವಾ ವಂಚನೆ. ಇಬ್ಬರೂ ಸಹಕರಿಸಿದರೆ ತಲಾ 3 ಅಂಕ. ಒಬ್ಬ ವಂಚಿಸಿ ಇನ್ನೊಬ್ಬ ಸಹಕರಿಸಿದರೆ ವಂಚಕನಿಗೆ 5, ಇನ್ನೊಬ್ಬನಿಗೆ ಸೊನ್ನೆ. ಇಬ್ಬರೂ ವಂಚಿಸಿದರೆ ತಲಾ 1.

1980ರಲ್ಲಿ ಫಲಿತಾಂಶ ಪ್ರಕಟವಾದಾಗ ಅಚ್ಚರಿ ಕಾದಿತ್ತು. ಗೆದ್ದದ್ದು ಅನಟೋಲ್ ರಾಪೊಪೋರ್ಟ್ ಕಳಿಸಿದ್ದ, ಎಲ್ಲಕ್ಕಿಂತ ಚಿಕ್ಕದಾದ ಪ್ರೋಗ್ರಾಮು. ಅದರ ನೀತಿಯನ್ನು ನಮ್ಮ ಮಾತಿನಲ್ಲಿ ‘ಮುಯ್ಯಿಗೆ ಮುಯ್ಯಿ’ ಎನ್ನಬಹುದು. ಮೊದಲ ಸುತ್ತಿನಲ್ಲಿ ಸಹಕರಿಸು; ಅನಂತರ ಎದುರಾಳಿ ಹಿಂದಿನ ಸುತ್ತಿನಲ್ಲಿ ಏನು ಮಾಡಿದನೋ ಅದನ್ನೇ ಮಾಡು. 62 ಪ್ರೋಗ್ರಾಮುಗಳು ಬಂದಿದ್ದ ಎರಡನೆಯ ಪಂದ್ಯಾವಳಿಯಲ್ಲೂ ಇದೇ ಗೆದ್ದಿತು. ಗಮನಿಸಿ, ಈ ನೀತಿ ಯಾವ ಒಂದು ಪಂದ್ಯದಲ್ಲೂ ಎದುರಾಳಿಗಿಂತ ಹೆಚ್ಚು ಅಂಕ ಗಳಿಸಲಾರದು. ಆದರೂ ಒಟ್ಟು ಮೊತ್ತದಲ್ಲಿ ಅದೇ ಮುಂದು! ಸಹಕಾರದಿಂದ ಬರುವ ಮೂರು ಮೂರು ಅಂಕಗಳು ಕೂಡುತ್ತಾ ಹೋದದ್ದೇ ಇದರ ಗುಟ್ಟು.

ಇನ್ನು ಆಟಗಳಿಗೆ ಬರೋಣ. 1993ರಲ್ಲಿ ಹೊರಬಂದ ‘ಮಾಸ್ಟರ್ ಆಫ್ ಓರಿಯನ್’ ಅಂತರಿಕ್ಷದ ತಂತ್ರದಾಟ. ಇದರಲ್ಲಿ ನೀವು ಒಂದು ಜನಾಂಗದ ಮುಖ್ಯಸ್ಥರು. ಉಳಿದ ಜನಾಂಗಗಳನ್ನು ಗಣಕ ಆಳುತ್ತದೆ. ಅದರ ಪ್ರತಿಯೊಬ್ಬ ನಾಯಕನಿಗೂ ಒಂದು ಸ್ವಭಾವವಿದೆ: ಒಬ್ಬ ಶಾಂತಿಪ್ರಿಯ, ಒಬ್ಬ ಆಕ್ರಮಣಶೀಲ, ಇನ್ನೊಬ್ಬ ಚಂಚಲ. ನಿಮ್ಮ ಬಗೆಗಿನ ಅವನ ಅಭಿಪ್ರಾಯ ಒಂದು ಸಂಖ್ಯೆ ಮಾತ್ರ. ತಂತ್ರಜ್ಞಾನದ ಕೊಡುಗೆ ಕೊಟ್ಟರೆ ಅದು ಏರುತ್ತದೆ. ಗೂಢಚಾರರನ್ನು ಕಳಿಸಿದರೆ ಇಳಿಯುತ್ತದೆ. ಮಾತು ಮುರಿದರೆ ಕುಸಿಯುತ್ತದೆ. ವ್ಯಾಪಾರ ಒಪ್ಪಂದ ಮೊದಲು ನಷ್ಟವನ್ನೇ ತರುತ್ತದೆ, ಲಾಭ ಬರುವುದು ನಿಧಾನವಾಗಿ. ನಡುವೆ ಯುದ್ಧ ಸಾರಿದರೆ ಬೆಳೆದ ಲಾಭವೆಲ್ಲ ಹೋಯಿತು. ಮೂರನೇ ಎರಡರಷ್ಟು ಮತ ಪಡೆದವರು ಯುದ್ಧವಿಲ್ಲದೆ ಗೆಲ್ಲುವ ಮಹಾಸಭೆಯೂ ಉಂಟು. ಅಲ್ಲಿ ಹಳೆಯ ಲೆಕ್ಕವೆಲ್ಲ ಮತವಾಗಿ ಮರಳುತ್ತದೆ.

ಹಾಗಾಗಿ ಗಣಕ ಎದುರಾಳಿಯೊಡನೆ ಸಂಧಾನವೆಂದರೆ ಅದರ ಲೆಕ್ಕವನ್ನು ಅರಿಯುವುದು. ಎದುರಾಳಿಯ ಸ್ವಭಾವವನ್ನು ಮೊದಲೇ ತಿಳಿಯಿರಿ. ವ್ಯಾಪಾರವನ್ನು ಬೇಗ ಆರಂಭಿಸಿ. ಗಡಿಯಲ್ಲಿ ನಿಮ್ಮ ಬಲ ಕಾಣುವಂತಿರಲಿ. ಕೊಟ್ಟ ಮಾತನ್ನು ಮುರಿಯುವ ಮುನ್ನ ಎರಡು ಬಾರಿ ಯೋಚಿಸಿ. ಈ ಆಟದಿಂದ ಪ್ರೇರಿತವಾದ ‘ಫ್ರೀಓರಿಯನ್’ ಮುಕ್ತ ತಂತ್ರಾಂಶ. ಅದರ ಗಣಕ ಎದುರಾಳಿಯನ್ನು ಪೈಥಾನ್ ಭಾಷೆಯಲ್ಲಿ ಬರೆದಿದ್ದಾರೆ. ಆಸಕ್ತ ವಿದ್ಯಾರ್ಥಿಗಳು ಅದನ್ನು ತೆರೆದು ಓದಬಹುದು.

ಲೆಕ್ಕದ ವಿಷಯ ಬಂದಾಗ ಒಂದು ದಂತಕಥೆ ನೆನಪಾಗುತ್ತದೆ. 1991ರ ‘ಸಿವಿಲೈಸೇಷನ್’ ಆಟದಲ್ಲಿ ಗಾಂಧಿಯವರ ಆಕ್ರಮಣಶೀಲತೆ 1 ಇತ್ತಂತೆ. ಪ್ರಜಾಪ್ರಭುತ್ವ ಬಂದಾಗ ಅದರಿಂದ 2 ಕಳೆದರೆ, ಋಣಸಂಖ್ಯೆಯನ್ನು ಅರಿಯದ 8 ಬಿಟ್‌ಗಳ ಸ್ಥಾನದಲ್ಲಿ ಉತ್ತರ 255 ಆಗಿ, ಗಾಂಧಿ ಅಣುಬಾಂಬು ಎಸೆಯತೊಡಗಿದರಂತೆ! ಗಣಿತವೇನೋ ಸರಿ, ಕಥೆ ಮಾತ್ರ ಸುಳ್ಳು. ಆಟದ ಕರ್ತೃ ಸಿಡ್ ಮೈಯರ್ 2020ರ ತಮ್ಮ ಪುಸ್ತಕದಲ್ಲಿ ಇದನ್ನು ಅಲ್ಲಗಳೆದಿದ್ದಾರೆ. ತರಗತಿಯಲ್ಲಿ ಉದಾಹರಣೆಯಾಗಿ ಹೇಳುವಾಗ ಇದನ್ನೂ ಹೇಳಿ.

ಈ ಆಟಗಳಲ್ಲಿ ಗಣಕ ಆಡುವುದು ಸಿದ್ಧ ಮಾತುಗಳನ್ನು ಮಾತ್ರ. 2022ರಲ್ಲಿ ಮೆಟಾ ಸಂಸ್ಥೆ ರೂಪಿಸಿದ ‘ಸಿಸೆರೊ’ ಮುಂದಿನ ಹೆಜ್ಜೆ ಇಟ್ಟಿತು. ‘ಡಿಪ್ಲೊಮಸಿ’ ಎಂಬ ಹಲಗೆಯಾಟವನ್ನು ಅದು ಮನುಷ್ಯರೊಡನೆ ಇಂಗ್ಲಿಷಿನಲ್ಲಿ ಸಂದೇಶ ಬರೆಯುತ್ತಾ 40 ಬಾರಿ ಆಡಿತು. ಒಂದಕ್ಕಿಂತ ಹೆಚ್ಚು ಆಟ ಆಡಿದವರ ಪೈಕಿ ಮೇಲಿನ ಶೇಕಡಾ 10ರಲ್ಲಿ ಅದು ನಿಂತಿತು. ಅದನ್ನು ಪ್ರಾಮಾಣಿಕವಾಗಿರುವಂತೆ ರೂಪಿಸಿದ್ದಾಗಿ ನಿರ್ಮಾಪಕರು ಹೇಳಿದ್ದರು. ಆದರೆ ಅದು ಮಾತು ಕೊಟ್ಟು ಮುರಿದ ನಿದರ್ಶನಗಳನ್ನು ಬೇರೆ ಸಂಶೋಧಕರು 2024ರಲ್ಲಿ ಎತ್ತಿ ತೋರಿಸಿದರು. ಹಳೆಯ ಆಟದ ನಾಯಕನ ಲೆಕ್ಕವನ್ನು ನಾವು ಊಹಿಸಬಹುದಿತ್ತು. ಸವಿಮಾತಿನ ಹಿಂದೆ ಅಡಗಿದ ಲೆಕ್ಕವನ್ನು ಅರಿಯುವುದು ಕಷ್ಟ. ಬ್ಯಾಂಕು, ಅಂಗಡಿ, ಕಚೇರಿಗಳಲ್ಲಿ ಯಂತ್ರವೇ ನಮ್ಮೊಡನೆ ಮಾತನಾಡುತ್ತಿರುವ ಈ ಕಾಲದಲ್ಲಿ ಇದು ಬರಿಯ ಆಟದ ಪ್ರಶ್ನೆಯಲ್ಲ.

ಬೈಂದೂರು, ಬ್ರಹ್ಮಾವರ, ಎಲ್ಲಿಯ ಶಾಲೆಯಾದರೂ ಸರಿ, ಗಣಕವಿಲ್ಲದೆಯೇ ಈ ಪ್ರಯೋಗ ಮಾಡಬಹುದು. ಅಂಕಗಳ ಬದಲು ಹುಣಸೆ ಬೀಜಗಳನ್ನು ಬಳಸಿ. ಮಕ್ಕಳನ್ನು ಜೋಡಿ ಮಾಡಿ, ಚೀಟಿಯಲ್ಲಿ ಗುಟ್ಟಾಗಿ ‘ಸಹಕಾರ’ ಅಥವಾ ‘ವಂಚನೆ’ ಎಂದು ಬರೆಸಿ, ಒಟ್ಟಿಗೆ ತೋರಿಸಲು ಹೇಳಿ. ಒಂದು ಗುಂಪಿಗೆ ಹತ್ತೇ ಸುತ್ತು ಎಂದು ಮೊದಲೇ ತಿಳಿಸಿ. ಇನ್ನೊಂದಕ್ಕೆ ಎಷ್ಟು ಸುತ್ತೆಂದು ಹೇಳಬೇಡಿ. ಮೊದಲ ಗುಂಪಿನ ಹತ್ತನೆಯ ಸುತ್ತಿನ ಚೀಟಿಗಳನ್ನು ಎಣಿಸಿ ನೋಡಿ. ಮುಂದಿನ ಸುಗ್ಗಿ ಇಲ್ಲವೆಂದು ತಿಳಿದಾಗ ಒಪ್ಪಂದ ಏನಾಗುತ್ತದೆ ಎಂಬುದಕ್ಕೆ ಉತ್ತರವನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.