ಕಲ್ಲಿನ ಬ್ಯಾರಕ್ಕು ಮತ್ತು ಕೋಣೆಯ ಗಾಳಿ

ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಯ ಬಳಿ, ಟ್ವೀಡ್ ನದಿ ಸಮುದ್ರ ಸೇರುವ ಕಡೆ ಬೆರಿಕ್ ಎಂಬ ಊರಿದೆ. ಅಲ್ಲಿನ ಕಲ್ಲಿನ ಬ್ಯಾರಕ್ಕು, ಬ್ರಿಟನ್ನಿನಲ್ಲಿ ಸೈನಿಕರ ವಾಸಕ್ಕೆಂದೇ ಕಟ್ಟಿದ ಮೊದಮೊದಲ ಕಟ್ಟಡಗಳಲ್ಲಿ ಒಂದು. ಅದಕ್ಕೆ ಮುಂಚೆ ಸೈನಿಕರನ್ನು ಊರಿನ ಮನೆಗಳಲ್ಲಿ, ಮದ್ಯದಂಗಡಿಗಳಲ್ಲಿ ಇರಿಸಲಾಗುತ್ತಿತ್ತು. ಈ ಹೊರೆಯಿಂದ ಊರಿನವರು ಬೇಸತ್ತಿದ್ದರು.

1715ರ ಜಾಕೊಬೈಟ್ ದಂಗೆಯ ನಂತರ, 1717ರಲ್ಲಿ ಬ್ಯಾರಕ್ಕಿನ ಕೆಲಸ ಆರಂಭವಾಗಿ 1721ರಲ್ಲಿ ಮುಗಿಯಿತು. ವಾಸ್ತುಶಿಲ್ಪಿ ನಿಕೊಲಸ್ ಹಾಕ್ಸ್‌ಮೂರ್ ರಚಿಸಿದ ರೇಖಾಚಿತ್ರ ಇದಕ್ಕೆ ಆಧಾರ ಎನ್ನಲಾಗಿದೆ. ಅಂಗಳದ ಎರಡು ಬದಿಗಳಲ್ಲಿ ಎದುರುಬದುರಾಗಿ ಮೂರಂತಸ್ತಿನ ವಸತಿ ಸಾಲುಗಳಿವೆ. 36 ಅಧಿಕಾರಿಗಳು ಮತ್ತು 600 ಸೈನಿಕರು ಇರಲು ಇಲ್ಲಿ ಸ್ಥಳವಿತ್ತು. ಆ ಕಾಲದ ರೂಢಿಯಂತೆ ಒಂದು ಮಂಚದಲ್ಲಿ ಇಬ್ಬರು ಮಲಗುತ್ತಿದ್ದರು.

ಕಲ್ಲಿನ ಗೋಡೆ ಶತ್ರುವನ್ನು ತಡೆಯಬಲ್ಲದು, ರೋಗವನ್ನಲ್ಲ. ಕ್ರಿಮಿಯಾ ಯುದ್ಧದ ನಂತರ, 1857ರಲ್ಲಿ ಸಿಡ್ನಿ ಹರ್ಬರ್ಟ್ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗ ನೇಮಕವಾಯಿತು. ಅದರ ಹಿಂದಿನ ಶಕ್ತಿ ಫ್ಲಾರೆನ್ಸ್ ನೈಟಿಂಗೇಲ್. ಸ್ವದೇಶದಲ್ಲಿ, ಶಾಂತಿಕಾಲದಲ್ಲೇ, ಸೈನಿಕರ ಮರಣ ಪ್ರಮಾಣ ಅದೇ ವಯಸ್ಸಿನ ನಾಗರಿಕರಿಗಿಂತ ಬಹಳ ಹೆಚ್ಚೆಂದು ಅಂಕಿ-ಅಂಶಗಳು ತೋರಿಸಿದವು. ಸೈನಿಕರಾದರೋ ವೈದ್ಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಗಟ್ಟಿಮುಟ್ಟು ಯುವಕರು! ಕ್ಷಯದಂತಹ ಶ್ವಾಸಕೋಶದ ರೋಗಗಳೇ ಅವರಲ್ಲಿ ಅನೇಕರನ್ನು ಬಲಿ ಪಡೆಯುತ್ತಿದ್ದವು.

ಪರಿಹಾರ ಸರಳವಾಗಿತ್ತು. ತಲಾ 600 ಘನ ಅಡಿ ಸ್ಥಳ, ಅಂದರೆ 10 ಅಡಿ ಎತ್ತರದ ಕೋಣೆಯಲ್ಲಿ ಒಬ್ಬನಿಗೆ 60 ಚದರ ಅಡಿ ನೆಲ. ಎಂಜಿನಿಯರ್ ಡಗ್ಲಸ್ ಗಾಲ್ಟನ್ ಹೊಸ ಬಗೆಯ ಅಗ್ಗಿಷ್ಟಿಕೆಯನ್ನು ರೂಪಿಸಿದರು. ಅದು ಹೊರಗಿನ ಗಾಳಿಯನ್ನು ಒಳಸೆಳೆದು, ಬೆಚ್ಚಗೆ ಮಾಡಿ ಕೋಣೆಗೆ ಬಿಡುತ್ತಿತ್ತು. ಚಳಿಗೆ ಹೆದರಿ ಕಿಟಕಿ ಮುಚ್ಚಿದರೂ ಶುದ್ಧ ಗಾಳಿಗೆ ಕೊರತೆಯಿರಲಿಲ್ಲ.

ಭಾರತದಲ್ಲಿನ ಬ್ರಿಟಿಷ್ ಸೈನಿಕರ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. 1863ರ ಆಯೋಗದ ವರದಿಯ ಪ್ರಕಾರ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಕುಡಿಯುವ ನೀರು, ಚರಂಡಿ ಮತ್ತು ಬ್ಯಾರಕ್ಕುಗಳ ಸುಧಾರಣೆಯ ನಂತರ ಈ ಪ್ರಮಾಣ ಗಣನೀಯವಾಗಿ ಇಳಿಯಿತು.

ಕೆಟ್ಟ ಗಾಳಿಯೇ ರೋಗದ ಮೂಲವೆಂದು ಆ ಸುಧಾರಕರು ನಂಬಿದ್ದರು. ಕ್ಷಯದ ಬ್ಯಾಕ್ಟೀರಿಯವನ್ನು ರಾಬರ್ಟ್ ಕಾಖ್ ಪ್ರಕಟಿಸಿದ್ದು 1882ರಲ್ಲಿ. ಸುಧಾರಕರ ವಿವರಣೆ ಸರಿಯಿರಲಿಲ್ಲ, ಆದರೆ ಅವರ ಎಣಿಕೆ ಸರಿಯಾಗಿತ್ತು. ಜನದಟ್ಟಣೆ ತಗ್ಗಿಸಿ ಗಾಳಿಯಾಡುವಂತೆ ಮಾಡಿದರೆ ಕ್ಷಯ ಹರಡುವುದು ಕಡಿಮೆಯಾಗುತ್ತದೆ ಎಂಬುದು ಇಂದಿಗೂ ನಿಜ.

ಬೆರಿಕ್ ಬ್ಯಾರಕ್ಕನ್ನು ಸೈನಿಕರು 1963ರಲ್ಲಿ ತೆರವು ಮಾಡಿದರು. ಮುಂದೆ ಅದು ವಸ್ತುಸಂಗ್ರಹಾಲಯಗಳಿಗೆ ನೆಲೆಯಾಯಿತು. ಹಳೆಯ ಕಟ್ಟಡ ನೋಡುವಾಗ ಗೋಡೆಯ ದಪ್ಪ ಅಳೆದರೆ ಸಾಲದು, ಒಳಗಿದ್ದವರಿಗೆ ತಲಾ ಎಷ್ಟು ಗಾಳಿ ಸಿಗುತ್ತಿತ್ತೆಂದೂ ಲೆಕ್ಕ ಹಾಕಬೇಕು.