ಬೆಂಗಳೂರು ಮ್ಯಾರಥಾನ್

ಬೆಂಗಳೂರು ಮ್ಯಾರಥಾನ್ ರಾಜಧಾನಿಯ ರಸ್ತೆಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ 42.195 ಕಿ.ಮೀ. ಓಟ. ಮೊದಲ ಓಟ ನಡೆದದ್ದು 2014ರ ಅಕ್ಟೋಬರಿನಲ್ಲಿ. ಬೋಸ್ಟನ್ ನಗರ 1897ರಿಂದ, ಪುಣೆ 1983ರಿಂದ, ಮುಂಬೈ 2004ರಿಂದ ಓಡುತ್ತಿರುವುದನ್ನು ನೋಡಿದರೆ ಬೆಂಗಳೂರು ತಡವಾಗಿಯೇ ಎದ್ದಿತು.

ಆದರೆ ಕನ್ನಡ ನಾಡಿಗೂ ಮ್ಯಾರಥಾನಿಗೂ ಇರುವ ನಂಟು ಅದಕ್ಕಿಂತ ಬಹಳ ಹಳೆಯದು. ಅದು ಶುರುವಾದದ್ದು ಬೆಂಗಳೂರಿನಲ್ಲಲ್ಲ, ಬೆಳಗಾವಿಯಲ್ಲಿ. 1920ರಲ್ಲಿ ದೊರಾಬ್ಜಿ ಟಾಟಾ ಅವರ ಮುತುವರ್ಜಿಯಿಂದ ಭಾರತದ ತಂಡವೊಂದು ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೊರಟಿತು. ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಅಲ್ಲಿನ ಮ್ಯಾರಥಾನ್ 42.75 ಕಿ.ಮೀ. ಉದ್ದದ್ದು, ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ದೀರ್ಘ. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷಗಳಲ್ಲಿ ಗೆದ್ದರೆ, ಚೌಗುಲೆ 2 ಗಂಟೆ 50 ನಿಮಿಷಗಳಲ್ಲಿ ಗುರಿ ಮುಟ್ಟಿ 19ನೆಯವರಾದರು. ಜೊತೆಗೆ ಓಡಿದ ಸದಾಶಿವ ದಾತಾರ್ ಅವರಿಗೆ ಓಟ ಪೂರ್ತಿ ಮಾಡಲಾಗಲಿಲ್ಲ. ಪದಕವಿಲ್ಲದ ಸಾಧನೆಗಳಿಗೆ ಆಗುವಂತೆ ಚೌಗುಲೆಯವರ ಹೆಸರೂ ಮಸುಕಾಯಿತು.

ಮುಂದಿನ ಮಹತ್ವದ ವರ್ಷ 2007. ಬೆಂಗಳೂರಿನ ಹವ್ಯಾಸಿ ಓಟಗಾರರ ಬಳಗ 'ರನ್ನರ್ಸ್ ಫಾರ್ ಲೈಫ್' ಊರೊಳಗಿನ ವಾಹನಗಳ ಗದ್ದಲ ಬಿಟ್ಟು ಶ್ರೀರಂಗಪಟ್ಟಣದ ಕಡೆ ಹೋಗಿ, ರಂಗನತಿಟ್ಟಿನ ಹತ್ತಿರ ಕಾಲುವೆ ಏರಿಯ ಮಣ್ಣುಹಾದಿಯಲ್ಲಿ ಕಾವೇರಿ ಟ್ರೇಲ್ ಮ್ಯಾರಥಾನ್ ಆರಂಭಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ಮಧ್ಯರಾತ್ರಿ ಮ್ಯಾರಥಾನೂ ಶುರುವಾಯಿತು. ಹಗಲು ರಸ್ತೆ ಸಿಗದ ಊರಿಗೆ ಇದು ತಕ್ಕ ಉಪಾಯವೇ.

ನಗರದ ಮುಖ್ಯ ರಸ್ತೆಗಳನ್ನು ಓಟಗಾರರಿಗೆ ತೆರೆಸಿದ್ದು ಮ್ಯಾರಥಾನ್ ಅಲ್ಲ, ಅದರ ಕಾಲುಭಾಗಕ್ಕೂ ಕಡಿಮೆ ದೂರದ ಓಟ. ಮುಂಬೈಗೆ ಪೂರ್ಣ ಮ್ಯಾರಥಾನ್, ದೆಹಲಿಗೆ ಅರ್ಧ ಮ್ಯಾರಥಾನ್ ಕೊಟ್ಟಿದ್ದ ಪ್ರೋಕ್ಯಾಮ್ ಸಂಸ್ಥೆ ಬೆಂಗಳೂರಿಗೆ 10 ಕಿ.ಮೀ. ಆರಿಸಿತು. 2008ರ ಮೇ 18ರಂದು ನಡೆದ ಮೊದಲ 'ವರ್ಲ್ಡ್ 10ಕೆ'ಯನ್ನು ಎರಿಟ್ರಿಯದ ಝೆರ್ಸೆನೆ ಟಡೆಸೆ 27 ನಿಮಿಷ 51 ಸೆಕೆಂಡುಗಳಲ್ಲಿ ಗೆದ್ದರು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಊರಿನಲ್ಲಿ ಇದು ಸಣ್ಣ ವೇಗವಲ್ಲ. ವಿಶ್ವದರ್ಜೆಯ ಓಟಗಾರರ ಹಿಂದೆಯೇ ಅದೇ ಬೆಳಿಗ್ಗೆ 'ಮಜ್ಜಾ ರನ್'ನಲ್ಲಿ ಮಕ್ಕಳು, ಗೃಹಿಣಿಯರು, ಕಚೇರಿ ನೌಕರರು ಓಡಿದರು. ಪೂರ್ಣ ಮ್ಯಾರಥಾನಿಗೆ ಬೇಕಾದ ಜನ ಬಹುಪಾಲು ಇಲ್ಲಿಯೇ ತಯಾರಾದರು ಎನ್ನಬಹುದು.

ಹಾಗಾಗಿ 2014ರಲ್ಲಿ ಕಂಠೀರವ ಕ್ರೀಡಾಂಗಣದಿಂದ ಬೆಂಗಳೂರು ಮ್ಯಾರಥಾನ್ ಹೊರಟಾಗ ಊರಿಗೆ ಓಟ ಹೊಸದಾಗಿರಲಿಲ್ಲ. ಹೆಸರಾಂತ ವಿದೇಶಿಯರ ಮೆರುಗು ಮಾತ್ರ ಇಂದಿಗೂ 10ಕೆಯದೇ: ಕೋವಿಡ್ ನಂತರ 2022ರ ಮೇ ತಿಂಗಳಲ್ಲಿ ಅದು ರಸ್ತೆಗೆ ಮರಳಿದಾಗ ಕೀನ್ಯಾದ ನಿಕೊಲಸ್ ಕಿಮೆಲಿ 27:38, ಐರಿನ್ ಚೆಪ್ಟಾಯ್ 30:35ರಲ್ಲಿ ಓಡಿ ಹಳೆಯ ದಾಖಲೆಗಳನ್ನು ಮುರಿದರು.